ಮಡಚುವ ಅಲಗು

ಆಗಸ್ಟ್ ತಿಂಗಳ ಕೊನೆ. ಎರಡನೆಯ ಕೊಯ್ಲಿನ ಹುಲ್ಲು ಹೊಲದ ತುಂಬ ಸಾಲುಸಾಲಾಗಿ ಬಿದ್ದು ಒಣಗುತ್ತಿತ್ತು. ಇಬ್ಬನಿ ಆರುವ ತನಕ ಅದನ್ನು ಕಟ್ಟುವಂತಿಲ್ಲ. ಒಳಗೆ ತೇವ ಉಳಿದರೆ ಪೇರಿಸಿಟ್ಟ ಕಟ್ಟು ತಾನಾಗಿಯೇ ಬಿಸಿಯಾಗಿ ಕೊಟ್ಟಿಗೆಯನ್ನೇ ಸುಟ್ಟುಬಿಡುತ್ತದೆ. ಅಷ್ಟರೊಳಗೆ ಮೇಲಿನ ತೂಬು ನೋಡಿ ಬರೋಣವೆಂದು ಎಮಿಲ್ ಸ್ಟೋಲ್ ಸಲಿಕೆ ಹಿಡಿದು ಹೊರಟಿದ್ದ. ಟ್ಯಾನರ್ ತೊರೆ ಸೊರಗಿತ್ತು. ತೂಬಿನ ಹಲಗೆಯನ್ನು ಒಂದಿಷ್ಟು ಇಳಿಸಿ, ಕಾಲುವೆಯ ಬಾಯಿಗೆ ಸಿಕ್ಕಿಕೊಂಡಿದ್ದ ಎಲೆಕಡ್ಡಿಗಳನ್ನು ಎಳೆದು ಹಾಕಿ, ನೀರು ಕೆಳಗಿನ ಹುಲ್ಲುಗಾವಲಿಗೆ ತಿರುಗುವುದನ್ನು ನೋಡುತ್ತ ನಿಂತ. ಬೆಟ್ಟದ ನೆತ್ತಿಯ ಆಸ್ಪೆನ್ ಮರಗಳಲ್ಲಿ ಒಂದೆರಡು ಕೊಂಬೆ ಆಗಲೇ ಹಳದಿಗೆ ತಿರುಗಿದ್ದವು. ಮನೆಗೆ ಹಿಂದಿರುಗುವಾಗ ಸಲಿಕೆಯನ್ನು ಎಡಹೆಗಲ ಮೇಲೆ ಇಟ್ಟುಕೊಂಡ. ಬದುಕಿಡೀ ಅದು ಅವನ ಬಲಹೆಗಲ ಮೇಲೆ ಇರುತ್ತಿತ್ತು.

ಮಾರ್ಚಿಯಲ್ಲಿ ಒಂದು ಚೊಚ್ಚಲ ಹಸು ಕರು ಹಾಕಲಾರದೆ ಒದ್ದಾಡಿದಾಗ, ಕರುವಿನ ಮುಂಗಾಲಿಗೆ ಸರಪಳಿ ಸುತ್ತಿ ಎಳೆದವನು ಎಮಿಲ್. ಕರು ಹೊರಗೆ ಬಂತು. ಅದೇ ಹೊತ್ತಿಗೆ ಅವನ ಬಲಭುಜದೊಳಗೆ ಏನೋ ಹರಿಯಿತು. ಕರು ಬದುಕಿ ಬೆಳೆಯಿತು, ಭುಜ ಮಾತ್ರ ಮೊದಲಿನಂತಾಗಲಿಲ್ಲ. ಇದು ಅವನ ಹೆಂಡತಿ ಸಿಗ್ರಿಡ್‌ಗೆ ಗೊತ್ತಿತ್ತು, ಮುಲಾಮು ತಿಕ್ಕುವವಳು ಅವಳೇ. ಬೇರೆ ಯಾರಿಗೂ ಅವನು ತಿಳಿಯಗೊಟ್ಟಿರಲಿಲ್ಲ.

ಮೊಂಟಾನಾದ ಆ ಕಣಿವೆಯಲ್ಲಿ ಕೋವಿ ಇಲ್ಲದ ಮನೆಯಿಲ್ಲ. ಬಿಲ್ಲು ಹಿಡಿಯುವವರು ಮಾತ್ರ ಕೆಲವರೇ. ಸೆಪ್ಟೆಂಬರಿನಲ್ಲಿ ಎಲ್ಕ್ ಎಂಬ ಕುದುರೆಯೆತ್ತರದ ಗಂಡು ಜಿಂಕೆಗಳು ಬೆದೆಗೆ ಬಂದು ಬೆಟ್ಟದ ಮೇಲೆ ಸಿಳ್ಳೆಯಂಥ ದನಿಯಲ್ಲಿ ಕೂಗತೊಡಗಿದಾಗ, ಈ ಕೆಲವರು ಕೋವಿಯವರಿಗಿಂತ ಮೊದಲು ಕಾಡು ಹತ್ತುತ್ತಾರೆ. ಒಬ್ಬರಿಗೆ ವರ್ಷಕ್ಕೆ ಒಂದೇ ಎಲ್ಕ್, ಅದಕ್ಕೆ ಒಂದು ಚೀಟಿ. ಪ್ರಾಣಿ ಕೈಗೆ ಸಿಕ್ಕ ಕೂಡಲೇ ಚೀಟಿಯ ಮೇಲಿನ ಆ ತಿಂಗಳು, ಆ ತಾರೀಖನ್ನು ಚಾಕುವಿನಿಂದ ಕತ್ತರಿಸಬೇಕು. ಅಲ್ಲಿಗೆ ಬಿಲ್ಲಾಗಲಿ ಕೋವಿಯಾಗಲಿ, ಅವನ ಆ ವರ್ಷದ ಬೇಟೆ ಮುಗಿಯಿತು. ಕೈಗೆ ಸಿಗದ ಪ್ರಾಣಿಗೆ ಚೀಟಿ ಕತ್ತರಿಸು ಎಂದು ಸರಕಾರ ಹೇಳುವುದಿಲ್ಲ. ಎಮಿಲ್ ಹೇಳುತ್ತಿದ್ದ. ಗಾಯ ಮಾಡಿ ಕಳೆದುಕೊಂಡರೂ ಅದು ನಿನ್ನ ಎಲ್ಕೇ, ಕಾಡಿಗೆ ನೀನು ಒಂದು ಪ್ರಾಣಿ ಸಾಲ ಎನ್ನುತ್ತಿದ್ದ. "ರಕ್ತ ಬಿದ್ರೆ ಚೀಟಿ ಬಿತ್ತು" ಎಂಬುದು ಅವನ ಬಾಯಿಂದ ಹೊರಟು ಕಣಿವೆಯ ಮಾತಾಗಿತ್ತು.

ಆ ಮಾತಿಗೆ ಬೆಲೆ ತೆತ್ತವನು ಸಿಗ್ರಿಡ್‌ಳ ತಮ್ಮ ಹಾಲ್ವರ್. ಮರದ ಮಿಲ್ಲು ಮುಚ್ಚಿ ಅವನ ಕೆಲಸ ಹೋದ ವರ್ಷ ಅದು. ಕಿರಿಯ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಅವನ ಬಾಣ ಒಂದು ಗಂಡು ಎಲ್ಕ್‌ನ ಎದೆಯ ಕೆಳಗೆ ಸವರಿ, ಒಂದಿಷ್ಟು ರಕ್ತ ಚೆಲ್ಲಿ, ಪ್ರಾಣಿ ಕಾಣೆಯಾಯಿತು. ಹುಡುಕಿ ಸೋತು ಬಂದಾಗ ಪಿಕಪ್‌ನ ಹಿಂದೆ ನಿಂತ ಎಮಿಲ್ ಹೇಳಿದ್ದು ಇಷ್ಟೇ: "ಚಾಕು ತೆಗಿ." ಹಾಲ್ವರ್ ತೆಗೆದ. ಆ ಚಳಿಗಾಲ ಅವನ ಮನೆಯ ಫ್ರೀಜರಿನಲ್ಲಿ ಇದ್ದದ್ದು ಬರೀ ಹಿಮ. ಚರ್ಚಿನವರು ಕೊಟ್ಟ ಬೀನ್ಸ್ ಡಬ್ಬಿಗಳ ಮೇಲೆ, ಅಕ್ಕ ಗಂಡನಿಗೆ ಹೇಳದೆ ಕಳಿಸಿದ ಮಾಂಸದ ಮೇಲೆ ಆ ಸಂಸಾರ ವಸಂತವನ್ನು ಕಂಡಿತು. ಆಮೇಲೆ ಹಾಲ್ವರ್ ಕುದುರೆಗಳಿಗೆ ಲಾಳ ಕಟ್ಟುವುದನ್ನು ಕಲಿತು ಎದ್ದು ನಿಂತ. ಆ ವರ್ಷದ ಸುದ್ದಿಯನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ಸಿಗ್ರಿಡ್‌ಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಇಬ್ಬನಿ ಇನ್ನೂ ಆರಿರಲಿಲ್ಲ. ಎಮಿಲ್ ಕೊಟ್ಟಿಗೆಯ ಹಿಂದೆ ಹೋಗಿ ಬಿಲ್ಲು ತೆಗೆದ. ಎರಡೂ ತುದಿಯಲ್ಲಿ ರಾಟೆಯಿರುವ ಬಿಲ್ಲು. ಅದರ ತೋಳುಗಳನ್ನು ಹಿಡಿದಿರುವ ತಿರುಪನ್ನು ಬಿಗಿದರೆ ಬಿಲ್ಲು ಗಟ್ಟಿಯಾಗುತ್ತದೆ, ಸಡಿಲಿಸಿದರೆ ಮೆದುವಾಗುತ್ತದೆ. ಬೇಸಿಗೆಯ ಉದ್ದಕ್ಕೂ ಅವನು ಅದನ್ನು ಸಡಿಲಿಸುತ್ತ ಬಂದಿದ್ದ. ಮೊದಲು ಒಂದು ಸುತ್ತು, ಭುಜ ಒಪ್ಪಲಿಲ್ಲ. ಇನ್ನೊಂದು. ಕೊನೆಗೆ ತಿರುಪು ಇನ್ನು ಹೊರಳಬಾರದು ಎನ್ನುವಷ್ಟು ಹೊರಳಿಸಿದ ಮೇಲೆ ಹೆದೆ ಕಿವಿಯ ತನಕ ಬಂತು.

ಆದರೆ ಬಿಲ್ಲು ಮೆದುವಾದರೆ ಅದಕ್ಕೆ ಹೊಂದುವ ಮೆದು ಬಾಣ ಬೇಕು. ಹಳೆಯ ಗಟ್ಟಿ ಬಾಣ ಸಡಿಲ ಬಿಲ್ಲಿನಿಂದ ಅಡ್ಡಾದಿಡ್ಡಿ ಹೊರಡುತ್ತದೆ. ಬರೀ ಅಭ್ಯಾಸದ ಮೊನೆಯಿದ್ದರೆ ಹಿಂದಿನ ಗರಿಗಳು ಅದನ್ನು ಹೇಗೋ ನೆಟ್ಟಗೆ ಮಾಡಿಬಿಡುತ್ತವೆ. ಬೇಟೆಯ ಅಗಲ ಅಲಗು ಕಟ್ಟಿದರೆ ಆ ಅಲಗೇ ಮುಂದಿನ ರೆಕ್ಕೆಯಾಗಿ ಬಾಣವನ್ನು ತನ್ನ ಕಡೆಗೆ ಎಳೆಯುತ್ತದೆ. ಎಮಿಲ್‌ನವು ಮೂರು ಧಾರೆಯ ಗಟ್ಟಿ ಅಲಗುಗಳು. ಅವನೇ ಸಾಣೆ ಹಿಡಿದವು, ಮುಂಗೈಯ ಕೂದಲು ಹೆರೆಯುವಷ್ಟು ಹರಿತ. ಒಂದು ಬಾಣ ಬಿಟ್ಟ. ಗುರಿಯ ಫೋಮ್ ದಿಮ್ಮಿಯಲ್ಲಿ ಅದು ಒಂದು ಅಂಗೈಯಗಲ ಎಡಕ್ಕೆ ನಾಟಿತು. ಇನ್ನೊಂದು ಬಿಟ್ಟ. ಅದೂ ಎಡಕ್ಕೇ.

ಇದಕ್ಕೆ ಮದ್ದು ಅವನಿಗೆ ತಿಳಿಯದ್ದಲ್ಲ. ಪೇಟೆಯಲ್ಲಿ ಮರ್ಲ್‌ನ ಬಿಲ್ಲಿನ ಅಂಗಡಿಗೆ ಹೋಗಿ ಹೊಸ ಬಾಣ ಕತ್ತರಿಸಿಕೊಂಡು ಬರಬೇಕು. ಆದರೆ ಮರ್ಲ್ ಮೊದಲು ಮಾಡುವ ಕೆಲಸ ಬಿಲ್ಲನ್ನು ಮಾಡಿನಿಂದ ಇಳಿಬಿಟ್ಟ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಅದರ ಎಳೆತ ಅಳೆಯುವುದು. ಒಲೆಯ ಸುತ್ತ ಕಾಫಿ ಹಿಡಿದು ಕೂತವರೆಲ್ಲ ತಲೆಯೆತ್ತಿ ಆ ಮುಳ್ಳನ್ನು ನೋಡುತ್ತಾರೆ. ಎಮಿಲ್ ಸ್ಟೋಲ್‌ನ ಬಿಲ್ಲು ಹೆಂಗಸರ ಬಿಲ್ಲಾಗಿದೆ ಎಂಬ ಸುದ್ದಿ ಅವನಿಗಿಂತ ಮೊದಲು ಮನೆ ಮುಟ್ಟುತ್ತದೆ.

ಅವನು ಬಾಣ ಕಿತ್ತುಕೊಂಡು ಬರುವಾಗ ಹಾಲ್ವರ್‌ನ ಪಿಕಪ್ ಅಂಗಳಕ್ಕೆ ಬಂದು ನಿಂತಿತು. ಕಮ್ಮಾರನ ಅಡಿಗಲ್ಲು, ಲಾಳದ ಡಬ್ಬಿಗಳೆಲ್ಲ ಹಿಂದೆ ಗಲಗಲ ಎಂದವು.

"ಏನ್ ಭಾವ, ಹುಲ್ಲು ಬಿಟ್ಟು ಬಿಲ್ಲು ಹಿಡ್ದಿದೀಯ? ಅಕ್ಕನಿಗೆ ಹೇಳ್ಲಾ?"

"ಅವಳಿಗೆ ಹೇಳೋ ಮುಂಚೆ ಇಬ್ಬನಿಗೆ ಹೇಳು, ಬೇಗ ಆರು ಅಂತ. ನಿಂಗೇನು ಕೆಲಸ ಇಲ್ವಾ?"

"ಇತ್ತು, ಮುಗೀತು. ಮೇಲಿನ ಬೇಟೆ ಬಿಡಾರದೋರ ಹೇಸರಗತ್ತೆಗಳಿಗೆ ಲಾಳ ಹಾಕಿ ಬಂದೆ. ಒದೆ ಬೇರೆ ತಿಂದೆ. ಅದಕ್ಕೆ ಪರಿಹಾರ ಅಂತ ಇದನ್ನ ಕೊಟ್ರು." ಹಾಲ್ವರ್ ಜೇಬಿನಿಂದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ತೆಗೆದ. ಒಳಗೆ ಮಡಚುವ ಅಲಗುಗಳಿದ್ದವು. ಹಾರುವಾಗ ಧಾರೆಗಳು ಜೇಬುಚಾಕುವಿನಂತೆ ಮಡಚಿಕೊಂಡಿರುತ್ತವೆ, ತಾಗಿದ ಮೇಲೆ ಬಿಚ್ಚಿಕೊಳ್ಳುತ್ತವೆ. "ನನ್ ಹತ್ರ ಬೇಕಾದಷ್ಟಿವೆ. ನಿಂಗೆ ಅಂತ ತಂದೆ."

"ಬಾಗ್ಲು ತಟ್ಟಿ, ಒಳಗೆ ಬರ್ಲಾ ಅಂತ ಕೇಳೋ ಅಲಗು ನಂಗ್ಯಾಕೆ?"

"ಹೋದ ವರ್ಷ ನನ್ನ ಎಲ್ಕ್ ಹೋರಿ ಹತ್ರ ಏನೂ ಕೇಳ್ಲಿಲ್ಲ ಅದು. ಈ ಪಕ್ಕೆಯಿಂದ ಹೋಗಿ ಆ ಪಕ್ಕೆಯಿಂದ ಬಂತು. ನಿನ್ನ ಅಲಗು ನಿನ್ನ ಟ್ರ್ಯಾಕ್ಟರಿನ ವಾರಗೆಯದು ಭಾವ, ಬಿಡು ಅದನ್ನ. ಇದು ಅಭ್ಯಾಸದ ಮೊನೆ ಹೋದಲ್ಲಿಗೇ ಹೋಗತ್ತೆ, ಒಂದು ಕೂದಲೂ ಆಚೀಚೆ ಇಲ್ಲ."

ಎಮಿಲ್ ಪೊಟ್ಟಣದಿಂದ ಕಣ್ಣು ತೆಗೆಯಲಿಲ್ಲ. "ಅಭ್ಯಾಸದ ಮೊನೆ ಹೋದಲ್ಲಿಗೇ?"

"ಅಲ್ಲಿಗೇ. ಸಡಿಲ ಬಿಲ್ಲಿನೋರು ಮಾತ್ರ ಮುಟ್ಟಬಾರ್ದು. ಬಿಚ್ಚೋದಕ್ಕೇ ಅರ್ಧ ಶಕ್ತಿ ತಿಂದುಬಿಡತ್ತೆ, ಆಮೇಲೆ ಎಲ್ಕ್‌ನ ಎಲುಬು ದಾಟಬೇಕಲ್ಲ. ನಿನ್ನ ಆ ಕಬ್ಬಿಣದ ಬಿಲ್ಲಿಗೆ ಆ ಯೋಚನೆ ಇಲ್ಲ."

ಎಮಿಲ್ ಏನಾದರೂ ಹೇಳಬಹುದಾಗಿದ್ದ ಹೊತ್ತು ಅದು. ಹಾಲ್ವರ್ ಬಗ್ಗಿ ಬೂಟಿನ ಹಿಮ್ಮಡಿಯಿಂದ ಸಗಣಿ ಕೆರೆಯುತ್ತಿದ್ದ, ಮುಖ ಕಾಣುತ್ತಿರಲಿಲ್ಲ. ಒಂದು ಮಾತು ಸಾಕಿತ್ತು.

"ಇಟ್ಟು ಹೋಗು, ನೋಡ್ತೀನಿ" ಎಂದ ಎಮಿಲ್.

ಸಂಜೆ ಹುಲ್ಲು ಕಟ್ಟಿ ಮುಗಿಸಿದ ಮೇಲೆ ಒಂದು ಮಡಚುವ ಅಲಗನ್ನು ಬಾಣದ ತುದಿಗೆ ತಿರುಗಿಸಿ ಕೂರಿಸಿ, ಬಿಟ್ಟು ನೋಡಿದ. ದಿಮ್ಮಿಯ ನಟ್ಟನಡುವೆ ನಾಟಿತು. ಆ ಬೇಸಿಗೆಯಲ್ಲಿ ಮೊದಲ ಸಲ ಅವನ ಎದೆ ಹಗುರಾಯಿತು. ಹತ್ತಿರ ಹೋಗಿ ನೋಡಿದಾಗ ಬಾಣ ಅರ್ಧಕ್ಕಿಂತ ಹೆಚ್ಚು ಹೊರಗೇ ಇತ್ತು. ಫೋಮ್ ಬೇರೆ, ಪ್ರಾಣಿ ಬೇರೆ ಎಂದುಕೊಂಡು ಕಿತ್ತುಕೊಂಡ. ಕೀಳಲು ಹೆಚ್ಚು ಬಲ ಬೇಕಾಗಲಿಲ್ಲ. ತನ್ನ ಹಳೆಯ ಅಲಗುಗಳಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಸಾಣೆಕಲ್ಲಿನ ಪಕ್ಕ ಇಟ್ಟ.

*

ಎಲ್ಕ್ ಬೇಟೆ ಇಬ್ಬರ ಕೆಲಸ. ಹಿಂದೆ ಕೂತವನು ಹೆಣ್ಣಿನ ದನಿ ಮಾಡಿ ಕರೆಯಬೇಕು, ಮುಂದೆ ಕೂತವನು ಹೊಡೆಯಬೇಕು. ಆ ವರ್ಷ ಕರೆಯುವ ಸರದಿ ಹಾಲ್ವರ್‌ನದು. ಸುಟ್ಟಗುಡ್ಡದ ಬೆನ್ನಿನ ಮೇಲೆ, ಬೆಂಕಿ ಬಿದ್ದ ಜಾಗದಲ್ಲಿ ಹೊಸದಾಗಿ ಎದ್ದ ಪೈನ್ ಗಿಡಗಳ ಅಂಚಿನಲ್ಲಿ ಅವರು ಕೂತರು. ಗಾಳಿ ಮುಖಕ್ಕೆ ಬರುತ್ತಿತ್ತು. ಬೆಳಗಿನ ಬಿಸಿಲು ಹುಲ್ಲಿನ ಮಂಜನ್ನು ಮುಟ್ಟುವ ಹೊತ್ತಿಗೆ ಕೆಳಗಿನ ಕೊರಕಲಿನಿಂದ ಉತ್ತರ ಬಂತು. ಮೊದಲು ತೆಳ್ಳಗೆ ಎದ್ದ ದನಿ, ಆಮೇಲೆ ಎದೆಯಾಳದ ಗೊರಕೆ. ಹಾಲ್ವರ್ ಹಿಂದಿನಿಂದ ಒಂದು ಒಣಕೊಂಬೆ ಮುರಿದ, ಹೆಣ್ಣು ಎಲ್ಕ್ ಅಲ್ಲಿ ಓಡಾಡುತ್ತಿರುವಂತೆ.

ಗಂಡು ಬಂತು. ಕೊಂಬುಗಳನ್ನು ಹಿಂದಕ್ಕೆ ಒರಗಿಸಿ, ಮೂಗು ಮುಂದೆ ಚಾಚಿ, ಯಾರಿಗೂ ಅಂಜದ ನಡಿಗೆಯಲ್ಲಿ ಬಂತು. ಅದರ ಮೈಯ ಉಚ್ಚೆನಾತ ಎಮಿಲ್‌ನ ಮೂಗಿಗೆ ಬಡಿಯಿತು. ಅದರ ಕಣ್ಣು ಮರದ ಹಿಂದೆ ಮರೆಯಾದ ಕ್ಷಣ ಹೆದೆ ಎಳೆದ. ಭುಜ ಚುಳುಕ್ ಎಂದಿತು, ಆದರೂ ಹೆದೆ ಬಂತು. ಗಂಡು ಮರ ದಾಟಿ, ಸ್ವಲ್ಪ ಅವನ ಕಡೆಗೇ ತಿರುಗಿ ನಿಂತಿತು. ಹಳೆಯ ಎಮಿಲ್ ಆಗಿದ್ದರೆ ಅದು ಪೂರ್ತಿ ಅಡ್ಡಲಾಗುವ ತನಕ ಹೆದೆ ಹಿಡಿದು ಕಾಯುತ್ತಿದ್ದ. ಈಗ ತೋಳು ನಡುಗತೊಡಗಿತ್ತು. ಮುಂಗಾಲಿನ ಹಿಂದಿನ ಮಡಿಕೆಯನ್ನು ನೋಡಿ ಬಿಟ್ಟ.

ಬಾಣ ಅವನು ನೋಡಿದಲ್ಲಿಗೇ ಹೋಯಿತು. ಹಸಿ ಮರಕ್ಕೆ ಕೊಡಲಿ ಬಿದ್ದಂಥ ಸದ್ದು ಬಂತು. ಅದು ಬರಬಾರದ ಸದ್ದು, ಎಲುಬಿನದು. ಗಂಡು ಗಿರ್ರನೆ ತಿರುಗಿ ಗಿಡಗಳನ್ನು ಮುರಿದುಕೊಂಡು ಇಳಿಜಾರಿನಲ್ಲಿ ನುಗ್ಗಿತು. ಅದರ ಪಕ್ಕೆಯಿಂದ ಬಾಣದ ಬಹುಪಾಲು ಹೊರಗೇ ತೂಗಾಡುತ್ತಿದ್ದುದನ್ನು ಎಮಿಲ್ ಕಂಡ.

ಹಾಲ್ವರ್ ತೆವಳಿಕೊಂಡು ಬಂದ. ಮುಖದ ತುಂಬ ನಗು. "ತಾಗ್ತು ಅಲ್ವಾ? ಸದ್ದು ಕೇಳ್ತು."

"ತಾಗ್ತು."

"ಎಲ್ಲಿ?"

"ನೋಡಿದಲ್ಲೇ."

ಸುಮ್ಮನೆ ಕೂತು ಕಾದರು. ಗಾಯಗೊಂಡ ಪ್ರಾಣಿಯನ್ನು ಅವಸರದಲ್ಲಿ ಅಟ್ಟಿದರೆ ಬೆಟ್ಟ ದಾಟಿಬಿಡುತ್ತದೆ. ಹಾಲ್ವರ್ ಚೀಲದಿಂದ ರೊಟ್ಟಿ, ಒಣಮಾಂಸ ತೆಗೆದು ಕೊಟ್ಟ. ಎಮಿಲ್ ಕೈಯಲ್ಲಿ ಹಿಡಿದುಕೊಂಡಿದ್ದನೇ ಹೊರತು ತಿನ್ನಲಿಲ್ಲ.

ಆಮೇಲೆ ರಕ್ತದ ಜಾಡು ಹಿಡಿದರು. ಹನಿ ಕಂಡಲ್ಲೆಲ್ಲ ಹಾಲ್ವರ್ ಕೊಂಬೆಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟುತ್ತ ಹೋದ. ಶ್ವಾಸಕೋಶದ ರಕ್ತವಾಗಿದ್ದರೆ ನೊರೆಯಿರುತ್ತದೆ. ಇದರಲ್ಲಿ ನೊರೆಯಿರಲಿಲ್ಲ, ಬರೀ ಕೆಂಪು. ಬಿದ್ದ ಮರವೊಂದರ ಬಳಿ ಬಾಣ ಸಿಕ್ಕಿತು. ತುದಿ ಮುರಿದಿತ್ತು, ಅಲಗು ಪ್ರಾಣಿಯೊಳಗೇ ಉಳಿದಿತ್ತು. ಹಾಲ್ವರ್ ಬಾಣವನ್ನು ಬೆಳಕಿಗೆ ಹಿಡಿದ. ರಕ್ತ ಗೇಣುದ್ದವೂ ಹತ್ತಿರಲಿಲ್ಲ.

"ಇಷ್ಟೇನಾ?" ಎಂದ. ನಗು ಹೋಗಿತ್ತು. "ಭಾವ, ಇಷ್ಟೇ ಒಳಗೆ ಹೋಗಿದ್ದು."

ಎಮಿಲ್ ಬಗ್ಗಿ ಮುಂದಿನ ಹನಿ ಹುಡುಕತೊಡಗಿದ.

ಬೀವರ್‌ಗಳು ಕಟ್ಟಿದ ಕೊಳದ ಹತ್ತಿರ ಜಾಡು ನೀರಿಗಿಳಿಯಿತು. ಆಚೆ ದಡದಲ್ಲಿ ಏನೂ ಸಿಗಲಿಲ್ಲ. ಕತ್ತಲಾಗುವ ತನಕ ಆಲ್ಡರ್ ಪೊದೆಗಳಲ್ಲಿ ಮಂಡಿಯೂರಿ ಹುಡುಕಿದರು. ಮರುದಿನವೂ ಬಂದರು. ಕಾಗೆಗಳು ಎಲ್ಲಾದರೂ ಸುತ್ತುತ್ತಿವೆಯೇ ಎಂದು ಎಮಿಲ್ ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡ. ಆಕಾಶ ಖಾಲಿಯಿತ್ತು.

ಇಳಿದು ಬರುವಾಗ ಹಾಲ್ವರ್ ಮುಂದೆ ನಡೆಯುತ್ತಿದ್ದವನು ನಿಂತ. "ಅಲಗು ಬಿಚ್ಚಲೇ ಇಲ್ಲ ಅನ್ಸತ್ತೆ. ಇಲ್ಲಾ ಬಿಚ್ಚುವಾಗ ಮುರೀತು. ಪುಕ್ಕಟೆ ಸಿಕ್ಕಿದ ಮಾಲು ಅಂತ ನೋಡದೆ ನಿನ್ ಕೈಗೆ ಕೊಟ್ಟೆ ನೋಡು."

"ಆಗತ್ತೆ" ಎಂದ ಎಮಿಲ್.

"ನಿನ್ನ ಹಳೇ ಅಲಗಿನಲ್ಲಿ ಹೊಡೆದಿದ್ರೆ ಈ ಹೊತ್ತಿಗೆ ಮಾಂಸ ಹೊರ್ತಿದ್ವಿ. ನಾನೇ ಕೆಡಿಸ್ದೆ."

ಎಮಿಲ್ ಅದನ್ನು ಅಲ್ಲಗಳೆಯಬೇಕಿತ್ತು. "ಕಾಲು ನೋಡ್ಕೊಂಡು ನಡಿ, ಕಲ್ಲು ಜಾರತ್ತೆ" ಎಂದ.

*

ಕಣಿವೆಯಲ್ಲಿ ಸುದ್ದಿಗೆ ಪಿಕಪ್ ಬೇಕಿಲ್ಲ. ಎಮಿಲ್ ಸ್ಟೋಲ್ ಒಂದು ಹೋರಿ ಕಳೆದುಕೊಂಡನಂತೆ, ಹಾಲ್ವರ್ ಕೊಟ್ಟ ಅಲಗಂತೆ ಎಂಬುದು ಮರ್ಲ್‌ನ ಒಲೆಯ ಸುತ್ತ ಕಾಫಿಯ ಜೊತೆ ಹರಿಯಿತು. ಹಾಲ್ವರ್‌ನನ್ನು ಕಂಡವರೆಲ್ಲ ಒಂದು ಕುಟುಕು ಕುಟುಕಿದರು. "ನನ್ನ ಕುದುರೆಗೂ ಮಡಚೋ ಲಾಳ ಹೊಡೀಬೇಡಪ್ಪ." "ಭಾವನ ಮೇಲೆ ಹಳೇ ಸೇಡು ತೀರಿಸ್ಕೊಂಡ್ಯಾ?" ಎರಡನೆಯದನ್ನು ಹೇಳಿದವನು ನಗುತ್ತಲೇ ಹೇಳಿದ್ದ. ಹಾಲ್ವರ್‌ಗೆ ನಗಲಾಗಲಿಲ್ಲ.

ಇದನ್ನೆಲ್ಲ ಎಮಿಲ್‌ಗೆ ಹೇಳಿದವಳು ಸಿಗ್ರಿಡ್. ಜಗಲಿಯಲ್ಲಿ ಕೂತು, ಬೇಲಿಯಂಚಿನಿಂದ ಕಿತ್ತು ತಂದ ಕಾಡುಚೆರ್ರಿಯ ತೊಟ್ಟು ಬಿಡಿಸುತ್ತಿದ್ದಳು. ಬೆರಳೆಲ್ಲ ಕಪ್ಪಾಗಿತ್ತು.

"ನಿನ್ನ ಚೀಟಿ ಇನ್ನೂ ಜೇಬಲ್ಲೇ ಇದೆ" ಎಂದಳು.

"ಅದು ಸತ್ತಿರಲ್ಲ. ಬರೀ ಭುಜದ ಮಾಂಸಕ್ಕೆ ತಾಗಿದ್ದು. ಬದುಕ್ಕೊಳ್ಳತ್ತೆ."

"ಹಾಲ್ವರ್‌ನ ಹೋರೀನೂ ಬದುಕಿತ್ತೋ ಏನೋ. ಯಾರು ನೋಡಿದ್ರು? ನಿಂಗೆ ಆಗ ಸತ್ತದ್ದು ಬದುಕಿದ್ದು ಬೇಕಿರ್ಲಿಲ್ಲ. ರಕ್ತ ಬಿದ್ರೆ ಸಾಕಿತ್ತು."

ಎಮಿಲ್ ಟೊಪ್ಪಿ ತೆಗೆದು ಅದರ ಒಳಗನ್ನು ನೋಡಿದ.

"ಚೀಟಿ ಕತ್ತರಿಸ್ತೀನಿ. ಅದಕ್ಕೇನಂತೆ."

"ಅದು ಕಾಡಿನ ಲೆಕ್ಕ. ನನ್ನ ತಮ್ಮನ ಲೆಕ್ಕ ಬೇರೆ." ಅವಳು ಕೈ ನಿಲ್ಲಿಸದೆ ಹೇಳಿದಳು. "ನಿನ್ನ ಭುಜ ನಂಗೊತ್ತು. ನಿನ್ನ ಬಿಲ್ಲು ನಿಂಗೊತ್ತು. ಪಾಪ, ಅವನಿಗೆ ಏನು ಗೊತ್ತು? ಅಲಗಿನದೇ ತಪ್ಪು ಅಂತ ನಿದ್ದೆಗೆಟ್ಟು ಕೂತಿದಾನೆ. ಬೆಳಿಗ್ಗೆ ಅವನ ಹೆಂಡತಿ ಫೋನ್ ಮಾಡಿದ್ಲು. ತನ್ನ ಚೀಟಿನೇ ಕತ್ತರಿಸ್ತೀನಿ ಅಂತಿದಾನಂತೆ."

"ಅವನ್ಯಾಕೆ ಕತ್ತರಿಸ್ಬೇಕು?"

"ನೀನೇ ಕಲಿಸಿದ್ದಲ್ವಾ" ಎಂದಳು ಸಿಗ್ರಿಡ್.

ಎಮಿಲ್ ಕೊಟ್ಟಿಗೆಗೆ ಹೋದ. ಅಲಗು ಕೆಟ್ಟದ್ದಾಗಿತ್ತೆಂದು ನಂಬಲು ಅವನೂ ಒಂದೆರಡು ದಿನ ಹೆಣಗಿದ್ದ. ಪೊಟ್ಟಣದಲ್ಲಿ ಉಳಿದಿದ್ದ ಒಂದನ್ನು ತೆಗೆದು ಹೆಬ್ಬೆರಳಿನಿಂದ ಒತ್ತಿದ. ಧಾರೆಗಳು ನುಣ್ಣಗೆ ಬಿಚ್ಚಿಕೊಂಡವು, ಮತ್ತೆ ಮಡಚಿಕೊಂಡವು. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಪಕ್ಕದಲ್ಲಿ ಅವನ ಹಳೆಯ ಅಲಗುಗಳು ಬಟ್ಟೆಯೊಳಗೆ ಹಾಗೇ ಇದ್ದವು. ಎಡಕ್ಕೆ ನಾಟಿದಾಗಲೇ ಅವು ಅವನಿಗೆ ನಿಜ ಹೇಳಿದ್ದವು. ನಿಜ ಹೇಳದ ಅಲಗನ್ನು ಅವನು ಆರಿಸಿಕೊಂಡಿದ್ದ.

*

ಹಾಲ್ವರ್ ಅಂಗಳದಲ್ಲಿ ಒಂದು ಕಂದು ಕುದುರೆಯ ಹಿಂಗಾಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಗೊರಸಿಗೆ ಅರ ಉಜ್ಜುತ್ತಿದ್ದ. ಪಿಕಪ್ ಬಂದದ್ದು ಕೇಳಿದರೂ ತಲೆಯೆತ್ತಲಿಲ್ಲ. ಗೊರಸಿನ ಚೂರುಗಳನ್ನು ಅವನ ನಾಯಿ ಕಚ್ಚಿಕೊಂಡು ಹೋಗುತ್ತಿತ್ತು.

"ಬಾ ಭಾವ. ಕಾಫಿ ಒಳಗಿದೆ, ಸುರ್ಕೋ."

"ಕಾಫಿ ಬೇಡ."

"ನಾನೇ ಬರ್ಬೇಕು ಅಂತಿದ್ದೆ." ಹಾಲ್ವರ್ ಕುದುರೆಯ ಕಾಲು ಇಳಿಸಿ, ಸೊಂಟಕ್ಕೆ ಕಟ್ಟಿದ್ದ ಚರ್ಮದ ಏಪ್ರನ್‌ಗೆ ಕೈ ಒರೆಸಿಕೊಂಡು ನೆಟ್ಟಗಾದ. ಒಂದು ಕ್ಷಣ ಸೊಂಟ ಹಿಡಿದುಕೊಂಡ. "ನೋಡು, ನಾನು ತೀರ್ಮಾನ ಮಾಡ್ಬಿಟ್ಟಿದೀನಿ. ಹೋರಿ ಕಳೆದದ್ದು ನನ್ನ ಅಲಗಿನಿಂದ. ನನ್ನ ಚೀಟಿ ಕತ್ತರಿಸ್ತೀನಿ, ನಿಂದು ನೀನು ಇಟ್ಕೋ. ಕೋವಿ ಕಾಲದಲ್ಲಿ ಒಂದು ಹೊಡ್ಕೊಂಡು ಬಾ. ನಮಗೆ ಈ ವರ್ಷ ಕರಡಿಮಾಂಸ ಇದೆ, ಸಾಯಲ್ಲ." ಏಪ್ರನ್ನಿನ ಜೇಬಿನಿಂದ ಗೊರಸುಚಾಕು ತೆಗೆದೇ ಬಿಟ್ಟ.

ಎಮಿಲ್ ಪಿಕಪ್‌ನ ಬಾಗಿಲು ತೆರೆದು ಬಿಲ್ಲು ಹೊರಗೆ ತಂದ. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

"ಎಳಿ."

"ಏನು?"

"ಎಳಿದು ನೋಡು. ಬಿಡಬೇಡ, ಮೆತ್ತಗೆ ಇಳಿಸು."

ಹಾಲ್ವರ್ ಚಾಕು ಜೇಬಿಗಿಳಿಸಿ ಬಿಲ್ಲು ತೆಗೆದುಕೊಂಡ. ಆ ಬಿಲ್ಲನ್ನು ಅವನು ಹಿಂದೆ ಎಳೆದು ಬಲ್ಲ. ಕಾಲು ಅಗಲಿಸಿ, ಉಸಿರು ಕಟ್ಟಿ, ಹಳೆಯ ಲೆಕ್ಕದಲ್ಲಿ ಜಗ್ಗಿದ. ಹೆದೆ ಎಷ್ಟು ಸಲೀಸಾಗಿ ಬಂತೆಂದರೆ ಅವನು ಎರಡು ಹೆಜ್ಜೆ ಹಿಂದೆ ತತ್ತರಿಸಿದ. ನಾಯಿ ಬೆದರಿ ಬೊಗಳಿತು. ಹಾಲ್ವರ್ ಹೆದೆಯನ್ನು ನಿಧಾನವಾಗಿ ಇಳಿಸಿದ. ಆಮೇಲೆ ತಿರುಪಿನ ತಲೆ ಎಷ್ಟು ಹೊರಗೆ ಬಂದಿದೆಯೆಂದು ಹೆಬ್ಬೆರಳಿನಿಂದ ಸವರಿ ನೋಡಿದ.

"ಯಾವಾಗಿಂದ?"

"ಮಾರ್ಚಿ. ಕರು ಎಳೆಯುವಾಗ ಭುಜ ಹೋಯ್ತು."

"ನಾನು ಅಲಗು ತಂದ ದಿನ?"

"ಹೀಗೇ ಇತ್ತು."

"ಸಡಿಲ ಬಿಲ್ಲಿನೋರು ಮುಟ್ಟಬಾರ್ದು ಅಂದೆ. ನಿನ್ನ ಮುಂದೇನೇ ಅಂದೆ."

"ಅಂದೆ."

ಕುದುರೆ ಮೂಗರಳಿಸಿ ಕಾಲು ಬದಲಿಸಿತು. ಎಮಿಲ್ ಜೇಬಿನಿಂದ ಚೀಟಿ ತೆಗೆದು ಪಿಕಪ್‌ನ ಹಿಂಬಾಗಿಲ ಮೇಲೆ ಹರವಿದ. ತನ್ನ ಚಾಕು ಬಿಚ್ಚಿದ. ಬಲಗೈ ಸರಿಯಾಗಿ ಒತ್ತಲಿಲ್ಲ, ಎಡಗೈಗೆ ಬದಲಿಸಿದ. ಸೆಪ್ಟೆಂಬರ್ ಎಂದಿದ್ದ ಚೌಕವನ್ನು ಕತ್ತರಿಸಿದ, ಆಮೇಲೆ ತಾರೀಖಿನದನ್ನು. ಕತ್ತರಿಸಿದ ಎರಡು ಚೂರುಗಳು ತಗಡಿನ ಮೇಲೆ ಬಿದ್ದವು. ಗಾಳಿ ಒಂದನ್ನು ಎತ್ತಿಕೊಂಡು ಹೋಯಿತು.

ಹಾಲ್ವರ್ ಅದನ್ನು ನೋಡುತ್ತ ನಿಂತಿದ್ದ. ಅವನ ಮುಖ ಮೆತ್ತಗಾಗಲಿಲ್ಲ.

"ಸರಿ. ಹೋರಿಯ ಲೆಕ್ಕ ತೀರ್ತು" ಎಂದ. "ನಂದು?"

"ನಿಂಗೆ ಹೇಳಿದ್ನಲ್ಲ."

"ನಂಗೆ ಹೇಳ್ದೆ, ಎಮಿಲ್." ಅವನು ಭಾವ ಎನ್ನಲಿಲ್ಲ. "ಊರಿಗೆ ಯಾರು ಹೇಳ್ತಾರೆ? ಈ ವಾರ ನಾನು ಕಾಲಿಟ್ಟ ಕಡೆಯೆಲ್ಲ ಮಡಚೋ ಲಾಳ, ಮಡಚೋ ಮೊಳೆ. ಹಳೇ ಸೇಡಂತೆ. ನಾನು ಹೋಗಿ ಭಾವನ ಭುಜ ಸತ್ತಿದೆ, ಅವನ ಬಿಲ್ಲಲ್ಲಿ ದಮ್ಮಿಲ್ಲ ಅಂತ ಸಾರ್ಲಾ? ನನ್ ಬಾಯಲ್ಲಿ ಅದು ಬರಲ್ಲ. ಬಂದ್ರೂ ಯಾರೂ ನಂಬಲ್ಲ."

"ಏನ್ ಮಾಡು ಅಂತೀಯ?"

"ಮರ್ಲ್ ಹತ್ರ ಹೋಗು. ಬಿಲ್ಲನ್ನ ಆ ಕೊಕ್ಕೆಗೆ ಹಾಕ್ಸು. ಅಷ್ಟೇ. ನೀನು ಬಾಯಿ ಬಿಡೋದೂ ಬೇಡ, ಮುಳ್ಳೇ ಹೇಳತ್ತೆ." ಹಾಲ್ವರ್ ಬಿಲ್ಲನ್ನು ವಾಪಸು ಕೊಟ್ಟ. ಕೊಡುವಾಗ ತುಸು ತಡೆದು ಹೇಳಿದ: "ಅವತ್ತು ನೀನು ಚಾಕು ತೆಗಿ ಅಂದಾಗ ಅಲ್ಲಿ ಆರು ಜನ ನಿಂತಿದ್ರು. ನಂಗೆ ಚೀಟಿ ನೆನಪಿಲ್ಲ. ಆ ಆರು ಮುಖ ನೆನಪಿದೆ."

ಬಗ್ಗಿ ಮತ್ತೆ ಕುದುರೆಯ ಕಾಲನ್ನು ಎತ್ತಿಕೊಂಡ. ಅರ ಗೊರಸಿನ ಮೇಲೆ ಕರ್ರಕರ್ರನೆ ಓಡಿತು. ಅದು ನಿಲ್ಲುವುದಿಲ್ಲ ಎಂದು ಖಾತ್ರಿಯಾದ ಮೇಲೆ ಎಮಿಲ್ ಪಿಕಪ್ ಹತ್ತಿದ.

ಮುಖ್ಯರಸ್ತೆಗೆ ಬಂದು ಮನೆಯ ಕಡೆಗೆ ತಿರುಗದೆ ಪೇಟೆಯ ಕಡೆ ತಿರುಗಿದ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸುತ್ತ ಹೋದ. ಬಾಗಿಲು ತಳ್ಳಿ ಒಳಗೆ ಹೋಗುವುದು, ಬಿಲ್ಲನ್ನು ಕಟ್ಟೆಯ ಮೇಲಿಡುವುದು, ಅಳೆಯಪ್ಪ ಎನ್ನುವುದು. ಒಲೆಯ ಹತ್ತಿರ ಇಂಥಿಂಥವರು ಇರುತ್ತಾರೆ; ಒಬ್ಬ ಸಿಳ್ಳೆ ಹಾಕುತ್ತಾನೆ, ಇನ್ನೊಬ್ಬ ನನ್ನ ಮೊಮ್ಮಗಳ ಬಿಲ್ಲು ಬೇಕಾ ಎನ್ನುತ್ತಾನೆ. ಸೇತುವೆ ದಾಟುವಾಗ ಗಾಡಿಯನ್ನು ನಿಧಾನಿಸಿದ.

ಅಂಗಡಿಯ ಮುಂದೆ ಒಂದೂ ಗಾಡಿ ಇರಲಿಲ್ಲ. ಬಾಗಿಲಿಗೆ ರಟ್ಟಿನ ತುಂಡೊಂದನ್ನು ತೂಗುಹಾಕಿತ್ತು: "ಹೋರಿಗಳು ಕೂಗುತ್ತಿವೆ. ನಾಳೆ ಬನ್ನಿ. ಮರ್ಲ್."

ಎಮಿಲ್ ಎಂಜಿನ್ ಆರಿಸದೆ ಆ ರಟ್ಟನ್ನು ಎರಡು ಸಲ ಓದಿದ. ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು. ಹಾಗೆ ಇಳಿದದ್ದು ಅವನಿಗೇ ತಿಳಿಯಿತು. ತಿಳಿದದ್ದಕ್ಕೆ ನಾಚಿಕೆಯಾಗಿ ಕನ್ನಡಿಯಲ್ಲಿ ತನ್ನ ಮುಖ ಕಾಣದಂತೆ ಹಿಂದಿನ ರಸ್ತೆಯನ್ನಷ್ಟೇ ನೋಡಿ ಗಾಡಿ ತಿರುಗಿಸಿದ.

ಮನೆಗೆ ಬರುವಾಗ ಬಿಸಿಲು ಬೆಟ್ಟದ ಹಿಂದೆ ಜಾರಿತ್ತು. ಸಿಗ್ರಿಡ್ ಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ಕುದಿಯುವ ಜೆಲ್ಲಿಯ ಒಗರು ವಾಸನೆ ಬರುತ್ತಿತ್ತು.

"ಹಾಲ್ವರ್ ಫೋನ್ ಮಾಡಿದ್ದ" ಎಂದಳು. "ಹೋದ್ಯಾ?"

"ಹೋದೆ. ಅಂಗಡಿ ಮುಚ್ಚಿತ್ತು."

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ನಾಳೆ ತೆಗೀತಾನೆ" ಎಂದು ಒಳಗೆ ಹೋದಳು.

ನಾಳೆ ಕೆಳಗಿನ ಹುಲ್ಲುಗಾವಲಿಗೆ ನೀರು ತಿರುಗಿಸುವುದಿತ್ತು. ಕಟ್ಟುಗಳನ್ನು ಕೊಟ್ಟಿಗೆಗೆ ಸಾಗಿಸುವುದಿತ್ತು. ಎಮಿಲ್ ಜಗಲಿಯ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚಿದ. ಸುಟ್ಟಗುಡ್ಡದ ಕಡೆಯಿಂದ ಒಂದು ಗಂಡು ಎಲ್ಕ್ ಕೂಗಿತು. ದನಿ ಅರ್ಧಕ್ಕೇ ಕಡಿಯಿತು. ಅದೇ ಹೋರಿಯೋ ಬೇರೆಯದೋ ಎಂದು ಕಿವಿಗೊಟ್ಟು ಕೂತ. ಅದು ಮತ್ತೆ ಕೂಗಲಿಲ್ಲ.

ಬಿಲ್ಲು ಪಿಕಪ್‌ನ ಸೀಟಿನ ಮೇಲೇ ಇತ್ತು. ಇಬ್ಬನಿ ಬೀಳುವ ಹೊತ್ತಾಗಿತ್ತು. ಅದನ್ನು ಒಳಗೆ ತರಲು ಅವನು ಏಳಲಿಲ್ಲ.